ಮುಚ್ಚಳದ ಮೇಲಿನ ಬೊಟ್ಟು

ದೇವರ ಗೂಡಿನಿಂದ ವಿಭೂತಿ ಗಟ್ಟಿ ಎತ್ತಿ ಅಂಗಿಯ ಜೇಬಿಗೆ ಹಾಕಿಕೊಳ್ಳುವಾಗ ಪಂಚಾಕ್ಷರಯ್ಯನಿಗೆ ತಾನೇನೋ ಕದಿಯುತ್ತಿದ್ದೇನೆ ಅನ್ನಿಸಿತು. ಮನೆ ತನ್ನದು, ಗೂಡು ತನ್ನದು, ಬೆಳಗಿನ ಪೂಜೆಯನ್ನು ಈಗಷ್ಟೇ ಮುಗಿಸಿದವನೂ ತಾನೇ. ಆದರೂ ಕೈ ಹಿಂದೆಮುಂದೆ ನೋಡಿತು. ಅಡುಗೆಮನೆಯಲ್ಲಿ ರೊಟ್ಟಿ ತಟ್ಟುತ್ತಿದ್ದ ಅಕ್ಕ ಮಹಾನಂದ ಅಲ್ಲಿಂದಲೇ "ಏನೋ ಅದು ಜೇಬಿಗೆ ಹಾಕ್ಕೊಂಡಿದ್ದು?" ಎಂದಳು. ಅವಳ ಕಣ್ಣಿಗೆ ಗೋಡೆ ಅಡ್ಡ ಬರುವುದಿಲ್ಲ. "ವಿಭೂತಿ ಕಣಕ್ಕ. ಅಂಗಡೀಲಿ ಸೀಮೆಸುಣ್ಣ ಖಾಲಿಯಾಗಿದೆ." "ಸೀಮೆಸುಣ್ಣಕ್ಕೂ ವಿಭೂತಿಗೂ ಏನಪ್ಪಾ ಸಂಬಂಧ?" ಎನ್ನುವಷ್ಟರಲ್ಲಿ ಅವನು ಹೊರಟಾಗಿತ್ತು. ಪೆಟ್ರೋಲು ಎಲ್ಲಿಂದ ಸೋರುತ್ತಿದೆ ಎಂದು ಗೊತ್ತಾಗದಿದ್ದಾಗ ಪೈಪಿನ ಉದ್ದಕ್ಕೂ ಒಣ ಬಿಳಿ ಪುಡಿ ಉದುರಿಸಬೇಕು, ಪುಡಿ ಎಲ್ಲಿ ನೆನೆದು ಕಪ್ಪಾಗುತ್ತದೋ ಅಲ್ಲಿ ಸೋರಿಕೆ. ಈ ಉಪಾಯವನ್ನು ಅವನು ಮೀಸೆ ಮೂಡುವ ವಯಸ್ಸಿನಲ್ಲಿ ಕಲಾಸಿಪಾಳ್ಯದ ಗ್ಯಾರೇಜಿನಲ್ಲಿ ಕಲಿತಿದ್ದ. ಅಕ್ಕನಿಗೆ ಅದನ್ನು ಹೇಳಬಹುದಿತ್ತು. ಆದರೆ ಒಂದೇ ಸೋರಿಕೆಯನ್ನು ಹುಡುಕಿ ಹುಡುಕಿ ಸೋತವನು ಉಪಾಯಗಳ ಬಗ್ಗೆ ದೊಡ್ಡ ಮಾತಾಡಬಾರದು. ಅದೂ ಆ ಸೋರಿಕೆಯಿಂದ ಒಬ್ಬನ ಕಾಲು ಸುಟ್ಟುಹೋದ ಮೇಲೆ.

ನಡುಮನೆ ದಾಟುವಾಗ ಕಣ್ಣು ಅಭ್ಯಾಸಬಲದಿಂದ ಕಿಟಕಿಯ ಪಕ್ಕದ ಗೋಡೆಗೆ ಹೋಯಿತು. ಗೋಡೆ ಬೆಳ್ಳಗಿತ್ತು. ಅಲ್ಲಿ ಒಂದು ಎಣ್ಣೆಯ ಕಲೆ ಇತ್ತು, ತಲೆಯಷ್ಟು ಅಗಲದ್ದು. ಮಧ್ಯಾಹ್ನದ ಪಾತ್ರೆ ತೊಳೆದಿಟ್ಟು, ಕಾಲು ಚಾಚಿ ಕೂತು ಹೆಂಡತಿ ದಾಕ್ಷಾಯಣಮ್ಮ ತಲೆ ಆನಿಸುತ್ತಿದ್ದ ಜಾಗ. ಬದುಕಿದ್ದಾಗ ಆ ಕಲೆಯ ವಿಷಯಕ್ಕೆ ಅವನು ಎಷ್ಟು ಸಲ ಸಿಡುಕಿದ್ದನೋ. ಬಂದವರು ನೋಡಿದರೆ ಏನಂದುಕೊಳ್ಳುತ್ತಾರೆ, ಒಂದು ಬಟ್ಟೆಯಾದರೂ ಹಾಕಿಕೊಂಡು ಒರಗಬಾರದೇ ಎಂದು. ಕಾರ್ತಿಕದಲ್ಲಿ ಅವಳು ಹೋದಳು. ಸಂಕ್ರಾಂತಿಗೆ ಮುಂಚೆ ಮಹಾನಂದ ಆಳು ಕರೆಸಿ ಇಡೀ ಮನೆಗೆ ಸುಣ್ಣ ಹೊಡೆಸಿದಳು. ಸಾವಾದ ಮನೆ ಹಾಗೇ ಇರಬಾರದು ಅಂದಳು, ಅದರಲ್ಲಿ ತಪ್ಪೂ ಇರಲಿಲ್ಲ. ಅಂಗಡಿಯಿಂದ ಬಂದು ದೀಪ ಹಾಕಿದವನು ಗೋಡೆಯ ಆ ಜಾಗವನ್ನು ಅಂಗೈಯಿಂದ ಸವರಿ ನೋಡಿದ. ಸೀರೆಗಳು ನೆಂಟರಿಷ್ಟರಿಗೆ ಹಂಚಿಹೋಗಿದ್ದವು, ಬಾಚಣಿಗೆಯನ್ನು ಯಾರು ಎಸೆದರೋ ತಿಳಿಯದು, ಈಗ ಗೋಡೆಯೂ ಹೋಯಿತು. ಮಕ್ಕಳಿಲ್ಲದ ಮನೆಯಲ್ಲಿ ಒಬ್ಬ ಹೆಂಗಸು ಅಷ್ಟು ವರ್ಷ ಬದುಕಿ ಇಷ್ಟು ಬೇಗ ಒರೆಸಿಹೋಗಬಹುದು ಎಂದು ಅವನು ಎಣಿಸಿರಲಿಲ್ಲ. ಅಂಗಡಿಯಲ್ಲೂ ಅಷ್ಟೇ. ಆಯುಧಪೂಜೆಯ ದಿನ ಅವಳು ಇಟ್ಟ ಬೊಟ್ಟುಗಳು ಸ್ಪ್ಯಾನರುಗಳ ಮೇಲಿಂದ, ವೈಸಿನ ಮೇಲಿಂದ, ಗ್ರೈಂಡರಿನ ಮೇಲಿಂದ ಗ್ರೀಸು ಕೈಗಳಿಗೆ ಸಿಕ್ಕಿ ಒಂದೊಂದಾಗಿ ಅಳಿಸಿದ್ದವು. ಉಳಿದಿದ್ದದ್ದು ಒಂದೇ, ಓಬಳಪ್ಪನ ದೋಣಿಯ ಪೆಟ್ರೋಲ್ ಟ್ಯಾಂಕಿನ ಮುಚ್ಚಳದ ಮೇಲಿನದು. ಅದನ್ನು ನೆನೆದ ಕೂಡಲೇ ಅವನು ನಡಿಗೆ ಚುರುಕು ಮಾಡಿದ, ಯಾರೋ ಹಿಂದಿನಿಂದ ಕರೆದವರ ಹಾಗೆ.

ಬೆಂಗಳೂರಿನಲ್ಲಿ ಮೋಟಾರು ದೋಣಿ ಅಂದರೆ ಜನ ನಗುತ್ತಾರೆ. ಓಬಳಪ್ಪ ಅದನ್ನು ಮಂಗಳೂರು ಕಡೆಯಿಂದ ಲಾರಿಯ ಮೇಲೆ ಹೇರಿಸಿಕೊಂಡು ಬಂದಾಗ ಚಾಮರಾಜಪೇಟೆಯವರೂ ನಕ್ಕಿದ್ದರು. ಅವನು ಕೆಂಪಾಂಬುಧಿ ಕೆರೆಯ ಅಂತರಗಂಗೆ ಕಳೆ ತೆಗೆಸುವ ಕಂಟ್ರಾಕ್ಟು ಹಿಡಿದಿದ್ದ. ಆಳುಗಳು ಕಿತ್ತು ಗುಡ್ಡೆ ಹಾಕಿದ ಹಸಿರನ್ನು ಬಲೆಗೆ ಕಟ್ಟಿ ದಡಕ್ಕೆ ಎಳೆಯಲು ಅವನಿಗೆ ದೋಣಿ ಬೇಕಿತ್ತು. ದೋಣಿಯ ಹಿಂಬದಿಗೆ ನೇತುಹಾಕುವ ಪರದೇಶದ ಹಳೇ ಎಂಜಿನ್ನು, ಪಕ್ಕದಲ್ಲಿ ಕೆಂಪು ಬಣ್ಣದ ತಗಡಿನ ಟ್ಯಾಂಕು, ಎರಡರ ನಡುವೆ ಒಂದು ಪೈಪು, ಪೈಪಿನ ಮಧ್ಯೆ ಒತ್ತಿದರೆ ಪೆಟ್ರೋಲು ಮುಂದಕ್ಕೆ ತಳ್ಳುವ ರಬ್ಬರಿನ ಗುಂಡು. ಇಷ್ಟೇ ಸಂಸಾರ. ಪಂಪ್‌ಸೆಟ್ಟು ರಿಪೇರಿಯ ಪಂಚಾಕ್ಷರಯ್ಯ ಬಿಟ್ಟರೆ ಅದನ್ನು ಮುಟ್ಟಲು ಯಾರೂ ಒಪ್ಪಿರಲಿಲ್ಲ. ಅವನ ಕೈಗೆ ಬಂದ ಎಂಜಿನ್ನು ಮತ್ತೆ ಕೆಟ್ಟದ್ದಿಲ್ಲ ಎಂದು ಓಬಳಪ್ಪ ಊರೆಲ್ಲ ಹೇಳಿಕೊಂಡು ಬಂದಿದ್ದ. ಆಯುಧಪೂಜೆಗೆ ಮುಂಚೆ ಸರ್ವೀಸಿಗೆಂದು ಎಂಜಿನ್ನನ್ನೂ ಟ್ಯಾಂಕನ್ನೂ ಬಿಚ್ಚಿ ಆಟೋದಲ್ಲಿ ತಂದು ಬಿಟ್ಟುಹೋಗಿದ್ದ. ಹಬ್ಬ ಮುಗಿಸಿ ಕೊಂಡೊಯ್ದ ಮೇಲೆ ಶುರುವಾಯಿತು. ದೋಣಿ ಒಂದಷ್ಟು ದೂರ ಓಡಿ ಉಸಿರು ಕಟ್ಟಿದ ಹಾಗೆ ನಿಲ್ಲುತ್ತದೆ, ಬಿಸಿಲಲ್ಲಿ ನಿಂತರೆ ಪೆಟ್ರೋಲು ತೊಟ್ಟಿಕ್ಕುತ್ತದೆ, ಅಯ್ನೋರೇ ನೋಡಿ ಎಂದ. ಪಂಚಾಕ್ಷರಯ್ಯ ನೋಡಿದ. ಅಂಗಡಿಯ ನೆರಳಿನಲ್ಲಿ, ನೀರು ತುಂಬಿದ ಡ್ರಮ್ಮಿಗೆ ಎಂಜಿನ್ನು ಇಳಿಸಿ, ಮೊದಲು ಟ್ಯಾಂಕಿನ ಮುಚ್ಚಳ ತೆಗೆದು ಪೆಟ್ರೋಲು ಎಷ್ಟಿದೆ ಎಂದು ಬಗ್ಗಿ ನೋಡಿ, ಮುಚ್ಚಿ, ಓಡಿಸಿದ. ಒಂದು ಹನಿಯೂ ಸೋರಲಿಲ್ಲ. ವಾಷರು ಬದಲಾಯಿಸಿದ. ಮತ್ತೊಮ್ಮೆ ಬಂದಾಗ ಪೈಪನ್ನೇ ಬದಲಾಯಿಸಿದ. ಕಾರ್ಬುರೇಟರು ಬಿಚ್ಚಿ ಸೂಜಿಯನ್ನು ಉಜ್ಜಿ ಕೂರಿಸಿದ. ಅಂಗಡಿಯಲ್ಲಿ ಸಾಧುವಿನ ಹಾಗಿರುವ ಎಂಜಿನ್ನು ಕೆರೆಗೆ ಹೋದೊಡನೆ ಸೋರುತ್ತಿತ್ತು. ಒಮ್ಮೆ ಪಕ್ಕದಲ್ಲೇ ಕೂತು ನೋಡುತ್ತಿದ್ದ ಓಬಳಪ್ಪ ನಗುತ್ತ, "ಅದೇನ್ ಅಯ್ನೋರೆ, ಮುಚ್ಚಳಾನ ಮಗೂ ಕೆನ್ನೆ ಹಿಡ್ದಂಗೆ ಹಿಡೀತೀರಲ್ಲ," ಎಂದಿದ್ದ. ಪಂಚಾಕ್ಷರಯ್ಯ ಎರಡು ಬೆರಳಲ್ಲಿ ಅಂಚನ್ನಷ್ಟೇ ಹಿಡಿದು ಮುಚ್ಚಳ ತಿರುಗಿಸುತ್ತಿದ್ದ, ನಡುವಿನ ಬೊಟ್ಟಿಗೆ ಕೈ ತಾಗದ ಹಾಗೆ. ಓಬಳಪ್ಪ ಹೇಳುವ ತನಕ ಅದು ಅವನಿಗೂ ಗೊತ್ತಿರಲಿಲ್ಲ.

ಹೋದ ವಾರ ದೋಣಿಗೆ ಬೆಂಕಿ ಹತ್ತಿತು. ದೋಣಿ ನಡೆಸುವ ರಾಮಾಂಜಿನಪ್ಪ ಮಧ್ಯಾಹ್ನ ಊಟ ಮುಗಿಸಿ ಬಂದು ಕೂತು ಬೀಡಿ ಹಚ್ಚಿದ. ತಳದ ಹಲಗೆಯ ಸಂದಿಯಲ್ಲಿ ನಿಂತಿದ್ದ ಪೆಟ್ರೋಲು ಭಗ್ಗೆಂದಿತು. ನೀರಿಗೆ ಹಾರಿದ್ದರಿಂದ ಜೀವ ಉಳಿಯಿತು, ಬಲಗಾಲು ಮೊಣಕಾಲಿನ ತನಕ ಬೆಂದಿತು. ಊರೆಲ್ಲ ಬೀಡಿಯನ್ನು ಬೈದರು. ರಾಮಾಂಜಿನಪ್ಪನೂ ಬೀಡಿಯನ್ನೇ ಬೈದುಕೊಂಡ. ಆಸ್ಪತ್ರೆಗೆ ನೋಡಲು ಹೋದ ಪಂಚಾಕ್ಷರಯ್ಯನಿಗೆ ಕೈಮುಗಿದು, "ನಂದೇ ತಪ್ಪು ಅಯ್ನೋರೆ, ಹಾಳಾದ್ ಬೀಡಿ," ಎಂದಾಗ ಪಂಚಾಕ್ಷರಯ್ಯ ಸೋರಿಕೆಯ ಸುದ್ದಿ ಎತ್ತಲಿಲ್ಲ. "ಇನ್ಮೇಲಾದ್ರೂ ಬಿಡಪ್ಪ," ಎಂದು ಬುದ್ಧಿ ಹೇಳಿ ಬಂದ. ಬುದ್ಧಿ! ಆ ವಾರ್ಡಿನ ಫಿನಾಯಿಲ್ ವಾಸನೆ ಅವನಿಗೆ ಹೊಸದಲ್ಲ. ಅಂಥದೇ ಒಂದು ವಾರ್ಡಿನಲ್ಲಿ ದಾಕ್ಷಾಯಣಮ್ಮ ಊದಿದ ಕೈಗಳನ್ನು ಹೊದಿಕೆಯ ಮೇಲಿಟ್ಟುಕೊಂಡು ಮಲಗಿದ್ದಳು, ಕೈಬಳೆಗಳನ್ನು ತೆಗೆಸಿದ್ದರು, ಬಳೆಗೆ ಸದಾ ಸಿಕ್ಕಿಸಿಕೊಂಡಿರುತ್ತಿದ್ದ ಪಿನ್ನುಗಳನ್ನು ನರ್ಸು ಕಾಗದದಲ್ಲಿ ಸುತ್ತಿ ಅವನ ಕೈಗೆ ಕೊಟ್ಟಿದ್ದಳು. ಅವಳು ಹೋದ ಬೆಳಿಗ್ಗೆ ಅವನು ಅಲ್ಲಿರಲಿಲ್ಲ. ಅಂಗಡಿಯಲ್ಲಿದ್ದ, ಇದೇ ದೋಣಿಯ ಹೊಸ ಪೈಪಿಗೆ ಕ್ಲಿಪ್ಪು ಬಿಗಿಯುತ್ತಿದ್ದ. ಸುದ್ದಿ ತಂದವನು ಬಾಗಿಲಲ್ಲಿ ನಿಂತು ಹೇಳಿದ ಮೇಲೂ ಅವನ ಕೈ ಸ್ಕ್ರೂ ಡ್ರೈವರನ್ನು ಕೆಳಗಿಡಲಿಲ್ಲ. ಕ್ಲಿಪ್ಪನ್ನು ಪೂರ್ತಿ ಬಿಗಿದು, ಬೆರಳಲ್ಲಿ ಅಲ್ಲಾಡಿಸಿ ನೋಡಿ, ಆಮೇಲೆ ಎದ್ದ. ಅದನ್ನು ಅವನು ಯಾರಿಗೂ ಹೇಳಿಲ್ಲ.

ಗವೀಪುರದ ಇಳಿಜಾರು ಇಳಿದು ಕೆರೆಯ ಏರಿಯ ಮೇಲೆ ಬಂದಾಗ ಮಾಘದ ಬಿಸಿಲು ಚುರುಗುಟ್ಟುತ್ತಿತ್ತು. ದಡದಲ್ಲಿ ಕೊಳೆಯಲು ಬಿಟ್ಟ ಅಂತರಗಂಗೆಯ ಗುಡ್ಡೆಗಳಿಂದ ಹಬೆಯ ಹಾಗೆ ವಾಸನೆ ಏಳುತ್ತಿತ್ತು. ಹೊಂಗೆಮರದ ಕೆಳಗೆ ರಾಮಾಂಜಿನಪ್ಪ ಬ್ಯಾಂಡೇಜಿನ ಕಾಲನ್ನು ಗೋಣಿಚೀಲದ ಮೇಲೆ ಚಾಚಿಕೊಂಡು ಕೂತಿದ್ದ. ಮನೆಯಲ್ಲಿರು ಎಂದರೂ ಕೇಳದೆ ಬಂದಿದ್ದನಂತೆ, ದೋಣಿಯನ್ನು ಇನ್ನೊಬ್ಬನ ಕೈಗೆ ಕೊಟ್ಟುಬಿಟ್ಟರೆ ಎಂಬ ಹೆದರಿಕೆ. ಅವನ ಹೆಂಡತಿ ನರಸಮ್ಮ ಪಕ್ಕದಲ್ಲಿ ನಿಂತು ಸೆರಗಿನಿಂದ ನೊಣ ಓಡಿಸುತ್ತಿದ್ದಳು. "ಬನ್ನಿ ಅಯ್ನೋರೆ," ಎಂದ ಓಬಳಪ್ಪನ ದನಿಯಲ್ಲಿ ಮೊದಲಿನ ಸಲಿಗೆ ಇರಲಿಲ್ಲ. "ನೋಡಿ, ಬೇಜಾರ್ ಮಾಡ್ಕೋಬೇಡಿ. ಇವತ್ತೂ ಸಿಗ್ಲಿಲ್ಲ ಅಂದ್ರೆ ನಾನು ಜೆ.ಸಿ. ರೋಡಿಗೆ ತಗೊಂಡ್ಹೋಗ್ತೀನಿ. ಜೀವದ ಪ್ರಶ್ನೆ ಇದು." "ಸರಿ ಓಬಳಪ್ಪ, ನೀವು ಹೇಳೋದು ನ್ಯಾಯ," ಎಂದ ಪಂಚಾಕ್ಷರಯ್ಯ. ಮುಖ ಸಣ್ಣದಾಯಿತು. ಜೆ.ಸಿ. ರೋಡಿನಲ್ಲಿ ಯಾವನೋ ಒಬ್ಬ ಮೆಕ್ಯಾನಿಕ್ಕು ಎಲೆಯಡಿಕೆ ಅಗಿಯುತ್ತ ಟ್ಯಾಂಕನ್ನು ಎಡಕ್ಕೆ ಬಲಕ್ಕೆ ತಿರುಗಿಸಿ, ಮುಚ್ಚಳ ನೋಡಿ, ಹೆಬ್ಬೆರಳಿನ ಉಗುರಿನಿಂದ... ಆ ಯೋಚನೆಯನ್ನು ಅವನು ಅಲ್ಲಿಗೇ ತುಂಡರಿಸಿದ. ಪ್ಯಾಂಟು ಮಡಿಸಿ, ನೀರಿಗಿಳಿದು, ದೋಣಿ ಹತ್ತಿದ.

ಒಂದು ಬದಿಯ ಹಲಗೆ ಸುಟ್ಟು ಕರಿಯಾಗಿತ್ತು. ಬೆಂಕಿ ಹಿಂಬದಿಗೆ ಬರುವ ಮೊದಲೇ ಆಳುಗಳು ನೀರೆರಚಿ ಆರಿಸಿದ್ದರಿಂದ ಎಂಜಿನ್ನೂ ಟ್ಯಾಂಕೂ ಉಳಿದಿದ್ದವು. ಟ್ಯಾಂಕು ಬೆಳಗಿನಿಂದ ಬಿಸಿಲಲ್ಲೇ ಕೂತಿತ್ತು. ಈ ಸಲ ಅವನು ಮುಚ್ಚಳ ತೆಗೆಯಲಿಲ್ಲ. ಜೇಬಿನಿಂದ ವಿಭೂತಿ ತೆಗೆದು ಅಂಗೈಯಲ್ಲಿ ಪುಡಿಮಾಡಿ ಪೈಪಿನ ಉದ್ದಕ್ಕೂ ಉದುರಿಸಿದ, ರಬ್ಬರು ಗುಂಡಿನ ಎರಡೂ ತುದಿಗೆ, ಎಂಜಿನ್ನಿಗೆ ಪೈಪು ಸೇರುವ ಬಾಯಿಗೆ. ಪೈಪು ವಿಭೂತಿ ಬಳಿದುಕೊಂಡು ಭಕ್ತನ ತೋಳಿನ ಹಾಗೆ ಕಂಡಿತು. ಆಮೇಲೆ ಅಡ್ಡ ಹಲಗೆಯ ಮೇಲೆ ಕೂತು ಕಾದ. ದಡದಿಂದ ಮೂವರೂ ತನ್ನನ್ನೇ ನೋಡುತ್ತಿದ್ದಾರೆ ಎಂಬುದು ಬೆನ್ನಿಗೆ ತಿಳಿಯುತ್ತಿತ್ತು. ಎಂಜಿನ್ನಿನ ಬಾಯಲ್ಲಿ ಸಾಸಿವೆಯಷ್ಟು ಕಪ್ಪು ಕಾಣಿಸಿಕೊಂಡಿತು. ನೋಡುನೋಡುತ್ತಿದ್ದಂತೆ ಕಡಲೆಯಷ್ಟಾಯಿತು, ಅಲ್ಲಿಂದ ಒಂದು ಹನಿ ಕೂಡಿಕೊಂಡು ಕೆಳಗೆ ಬಿತ್ತು. "ಸಿಕ್ತಾ ಅಯ್ನೋರೆ?" ಓಬಳಪ್ಪ ಕೂಗಿದ. ಅವನು ಇನ್ನಷ್ಟು ಬಗ್ಗಿದ. ಅಲ್ಲಿ ಸೋರುತ್ತಿರುವುದು ಸರಿ, ಆದರೆ ಎಂಜಿನ್ನು ನಿಂತಿರುವಾಗ ಪೆಟ್ರೋಲನ್ನು ಯಾರು ತಳ್ಳುತ್ತಿದ್ದಾರೆ? ರಬ್ಬರು ಗುಂಡನ್ನು ಮುಟ್ಟಿದ. ಹಣ್ಣಿನ ಹಾಗೆ ಮೆತ್ತಗಿರಬೇಕಾದದ್ದು ಕಲ್ಲಾಗಿತ್ತು. ಅಷ್ಟರಲ್ಲಿ ಕಾಲ ಬಳಿಯ ಟ್ಯಾಂಕಿನ ತಗಡು ಟಣ್ ಎಂದು ಉಬ್ಬಿಕೊಂಡಿತು. ಸದ್ದು ದೊಡ್ಡದೇನಲ್ಲ. ಟ್ಯಾಂಕಿನೊಳಗೆ ಗಾಳಿ ಕಟ್ಟಿದೆ, ಮುಚ್ಚಳದ ನಡುವಿನ ಸೂಜಿಮೊನೆಯಷ್ಟು ತೂತು ಮುಚ್ಚಿಹೋಗಿದೆ, ಬಿಸಿಲಿಗೆ ಹಿಗ್ಗಿದ ಆವಿ ಪೆಟ್ರೋಲನ್ನು ಪೈಪಿನೊಳಕ್ಕೆ ನೂಕುತ್ತಿದೆ, ಓಡುವಾಗ ಟ್ಯಾಂಕಿಗೆ ಹೊರಗಾಳಿ ಬಾರದೆ, ಪೆಟ್ರೋಲು ಹರಿಯದೆ ಎಂಜಿನ್ನು ಸಾಯುತ್ತಿದೆ ಎಂಬುದನ್ನು ನಿನ್ನೆ ಕೆಲಸಕ್ಕೆ ಸೇರಿದವನೂ ಹೇಳುವ ಸದ್ದು ಅದು. ಅಂಗಡಿಯಲ್ಲಿ ಪ್ರತಿ ಸಲ ಮೊದಲು ಮುಚ್ಚಳ ತೆಗೆದು ಆ ಗಾಳಿಯನ್ನು ತಾನೇ ಹೊರಬಿಟ್ಟಿದ್ದ, ಆಮೇಲೆ ಸೋರುತ್ತಿಲ್ಲವಲ್ಲ ಎಂದು ಬೆರಗಾಗುತ್ತಿದ್ದ. ಗೊತ್ತಿತ್ತು ಅಂದರೆ ಸುಳ್ಳಾಗುತ್ತದೆ. ಗೊತ್ತಿರಲಿಲ್ಲ ಅಂದರೆ ಅದಕ್ಕಿಂತ ದೊಡ್ಡ ಸುಳ್ಳಾಗುತ್ತದೆ. ಅವನು ಮುಚ್ಚಳವನ್ನು ನೋಡಿದ. ಪೆಟ್ರೋಲಿನ ಜೊತೆ ಬೆರೆಸುವ ಎಣ್ಣೆಯನ್ನು ಕುಡಿದೂ ಕುಡಿದೂ ಕುಂಕುಮ ಅರಗಿನ ಹಾಗೆ ಗಟ್ಟಿಯಾಗಿ ಕೂತಿತ್ತು. ಅದರ ನಡುವೆ ಅಡ್ಡಕ್ಕೆ ಒಂದು ಸಣ್ಣ ಗೀರು. ದಾಕ್ಷಾಯಣಮ್ಮ ಹೊಸದಾಗಿ ಮದುವೆಯಾದಾಗ ಈಳಿಗೆಮಣೆಯಲ್ಲಿ ಬೆರಳು ಕೊಯ್ದುಕೊಂಡಿದ್ದಳು. ಆ ಗಾಯದ ಗುರುತು ಅವಳು ಇಟ್ಟ ಬೊಟ್ಟಿನಲ್ಲೆಲ್ಲ ಮೂಡುತ್ತಿತ್ತು.

ಬಹಳ ವರ್ಷದ ಹಿಂದಿನ ಆಯುಧಪೂಜೆ. ಅಂಗಡಿಯ ತುಂಬ ಜನ, ಗಿರಾಕಿಗಳು, ಕೆಲಸದವರು, ಎದುರು ಸಾಲಿನ ಅಂಗಡಿಯವರು. ದಾಕ್ಷಾಯಣಮ್ಮ ಹೊಸ ಸೀರೆಯುಟ್ಟು ತಟ್ಟೆ ಹಿಡಿದು ಸಂಭ್ರಮದಿಂದ ಬಂದವಳು ಸಿಕ್ಕ ಸಿಕ್ಕ ಸಾಮಾನಿಗೆ ಗಂಧ ಕುಂಕುಮ ಹಚ್ಚುತ್ತ ಸೂಕ್ಷ್ಮ ಅಳತೆಯ ಮೈಕ್ರೋಮೀಟರಿಗೂ ಹಚ್ಚಿಬಿಟ್ಟಳು. ಅವನು ಸಿಡಿದ. "ಇದನ್ನೇನು ನಿನ್ನ ಅಡುಗೆಮನೆ ಅಂದ್ಕೊಂಡಿದೀಯಾ? ಬುದ್ಧಿ ಇದೆಯಾ ನಿಂಗೆ?" ಎಲ್ಲರೂ ಕೈಲಿದ್ದ ಕಡಲೆಪುರಿಯನ್ನೇ ನೋಡುತ್ತ ನಿಂತರು. ಅವಳು ಹೊಸ ಸೀರೆಯ ಸೆರಗಿನಿಂದಲೇ ಅದನ್ನು ಒರೆಸಿ, ಜೋಪಾನವಾಗಿ ಪೆಟ್ಟಿಗೆಯಲ್ಲಿಟ್ಟು, ತಟ್ಟೆಯನ್ನು ಮೇಜಿನ ಮೇಲೆ ಬಿಟ್ಟು ಮನೆಗೆ ನಡೆದಳು. ಅಲ್ಲಿಂದಾಚೆ ಅಂಗಡಿಯ ಹೊಸಿಲು ತುಳಿಯಲಿಲ್ಲ. ಪ್ರತಿ ವರ್ಷ "ಮನೇಲಿ ಕೆಲ್ಸ ಇದೆ, ನೀವೇ ಮಾಡ್ಕೊಳಿ" ಎನ್ನುತ್ತಿದ್ದಳು, ಕೋಪವಿಲ್ಲದೆ, ಸೊಪ್ಪಿನವಳಿಗೆ ಇವತ್ತು ಬೇಡ ಎಂದಷ್ಟೇ ಸಲೀಸಾಗಿ. ಆ ಸಲೀಸು ಅವನನ್ನು ಸುಡುತ್ತಿತ್ತು. ಬಾರೇ ಎಂದು ಒಂದು ಮಾತು ಕರೆದಿದ್ದರೆ ಬರುತ್ತಿದ್ದಳೋ ಏನೋ. ಕರೆಯಲು ನಾಲಿಗೆ ಏಳಲಿಲ್ಲ, ಹಾಗೇ ವರ್ಷಗಳು ಹೋದವು.

ಹೋದ ಆಯುಧಪೂಜೆಗೆ ಅವಳೇ "ಈ ಸಲ ನಾನೂ ಬರ್ಲಾ?" ಅಂದಳು. ಆಗಲೇ ಕಾಲು ಊದಿಕೊಂಡಿತ್ತು, ಆಟೋದಿಂದ ಇಳಿಯಲು ಅವನ ಭುಜ ಹಿಡಿದಳು. ಅಂಗಡಿಯೊಳಗೆ ಬಂದು, ಬೇರೆಯವರ ಮನೆಗೆ ಬಂದವಳ ಹಾಗೆ ನಿಂತಳು. ಒಂದೊಂದು ಸಾಮಾನಿನ ಮುಂದೆಯೂ ಕುಂಕುಮದ ಬೆರಳು ಎತ್ತಿ ಹಿಡಿದು ಅವನ ಮುಖ ನೋಡಿದಳು. "ರೀ, ಇಲ್ಲಿಡ್ಲಾ?" ವೈಸಿನ ಮುಂದೆ, "ಇಲ್ಲಿಡಬಹುದಾ?" ಸ್ಪ್ಯಾನರಿಗೂ ಕೇಳಿದಳು, ಸುತ್ತಿಗೆಗೂ ಕೇಳಿದಳು. ಸುತ್ತಿಗೆಗೆ ಬೊಟ್ಟಿಟ್ಟರೆ ಏನಾಗುತ್ತದೆ! ಪ್ರತಿ ಸಲ ಅವನು "ಇಡು, ಇಡು" ಎನ್ನುತ್ತಿದ್ದ. ಅಷ್ಟು ವರ್ಷದ ಹಿಂದೆ ಆಡಿದ ಒಂದು ಮಾತನ್ನು ಅವಳು ಮರೆತೇ ಇರಲಿಲ್ಲ. ಮರೆತಿಲ್ಲ ಎಂದು ತೋರಿಸಿಕೊಳ್ಳುವ ಉದ್ದೇಶವೂ ಅವಳಿಗಿರಲಿಲ್ಲ, ಅದೇ ಅವನಿಗೆ ತಡೆಯಲಾಗದ್ದು. ಕೊನೆಗೆ ಮೂಲೆಯಲ್ಲಿದ್ದ ಕೆಂಪು ಟ್ಯಾಂಕು. ಅವಳಿಗೆ ಅದರ ಬಣ್ಣ ಹಿಡಿಸಿರಬೇಕು, ನಕ್ಕಳು. ಕುಂಕುಮಕ್ಕೆ ಗಂಧ ಕಲೆಸಿ ಮಂದ ಮಾಡಿಕೊಂಡು ಬೆರಳನ್ನು ಸರಿಯಾಗಿ ಮುಚ್ಚಳದ ನಡುವಿಗೆ ತಂದು "ಇಲ್ಲಿ?" ಎಂದಳು. ತೂತು ಅವನ ಕಣ್ಣಿಗೆ ಕಂಡಿತು. ಸೂರ್ಯ ಕಂಡಷ್ಟು ಸ್ಪಷ್ಟವಾಗಿ ಕಂಡಿತು. ಅಲ್ಲಿ ಬೇಡ ಎನ್ನಲು ಬಾಯಿ ತೆರೆದ, ಆ ಮುಖ ನೋಡಿದ, "ಇಡು" ಅಂದ. ಅವಳು ಒತ್ತಿ ಇಟ್ಟಳು. ಅವಳು ಮನೆಗೆ ಹೋದ ಮೇಲೆ ಒರೆಸಿದರಾಯಿತು ಅಂದುಕೊಂಡಿದ್ದ. ವೇಸ್ಟು ಬಟ್ಟೆ ತೆಗೆದುಕೊಂಡು ಬಗ್ಗಿಯೂ ಇದ್ದ. ಅವಳು ಒರೆಸಿದ ಸೆರಗು ನೆನಪಾಯಿತು, ಕೈ ಬರಲಿಲ್ಲ. ಇಷ್ಟು ವರ್ಷದಲ್ಲಿ ಅವಳಿಗೆ ತಾನು ತೋರಿಸಿದ ಪ್ರೀತಿ ಅಂದರೆ ಅದೊಂದು "ಇಡು" ಎಂಬ ಮಾತು. ಅದನ್ನು ಹೇಗೆ ಒರೆಸುವುದು? ಅದೇ ಪ್ರೀತಿ ತೊಟ್ಟು ತೊಟ್ಟಾಗಿ ದೋಣಿಯ ತಳಕ್ಕೆ ಇಳಿದು, ಹಲಗೆಯ ಸಂದಿಯಲ್ಲಿ ಕಾದು ಕೂತು, ಯಾರ ತಂಟೆಗೂ ಹೋಗದ ಒಬ್ಬ ಮನುಷ್ಯನ ಕಾಲು ಸುಟ್ಟಿತು.

"ನರಸಮ್ಮ," ಎಂದು ದಡಕ್ಕೆ ಕೂಗಿದ. ತನ್ನ ದನಿ ತನಗೇ ಗುರುತು ಸಿಗಲಿಲ್ಲ. "ಒಂದು ಪಿನ್ನಿದ್ರೆ ಕೊಡ್ತೀರಾ ತಾಯಿ?" ಅವಳು ಬಳೆಗೆ ಸಿಕ್ಕಿಸಿದ್ದ ಪಿನ್ನು ತೆಗೆದು, ಸೀರೆ ಎತ್ತಿ ಕಟ್ಟಿ ನೀರಿಗಿಳಿದು ಬಂದು ಕೊಟ್ಟಳು. ಪಿನ್ನಿನ ಮೊನೆಯನ್ನು ಬೊಟ್ಟಿನ ನಡುವೆ ಇಟ್ಟ. ಒಂದೇ ಒಂದು ತೂತು ಮಾಡಿದರೆ ಸಾಕು, ಸುತ್ತಲಿನದು ಹಾಗೇ ಉಳಿದೀತು ಎಂಬ ಆಸೆ ಕೊನೆಯ ಗಳಿಗೆಯವರೆಗೂ ಇತ್ತು. ಒತ್ತಿದ. ಒಳಗಿನ ಗಾಳಿ ಉಸ್ಸೆಂದು ಉದ್ದಕ್ಕೆ ಹೊರಬಂತು, ಬೊಟ್ಟು ಬಿರುಕುಬಿಟ್ಟು ಪುಡಿಪುಡಿಯಾಗಿ ಹಾರಿ ದೋಣಿಯ ತಳದ ಕೆಸರುನೀರಿಗೆ ಬಿತ್ತು. ಹಿಡಿಯಲು ಅಂಗೈ ಒಡ್ಡಿದ, ಏನೂ ಸಿಗಲಿಲ್ಲ. ಟ್ಯಾಂಕು ಟಣ್ಣೆಂದು ಒಳಕ್ಕೆ ಕೂತಿತು. ಎಂಜಿನ್ನಿನ ಬಾಯಿಯ ಹನಿ ಬೀಳಲೋ ಬೇಡವೋ ಎಂದು ತೂಗಾಡಿ ಅಲ್ಲೇ ನಿಂತಿತು. ದಾಕ್ಷಾಯಣಮ್ಮ ಕೊನೆಯುಸಿರು ಬಿಡುವಾಗ ತಾನು ಇರಲಿಲ್ಲ ಎಂಬುದು ಇದ್ದಕ್ಕಿದ್ದಂತೆ, ಹೊಸ ಸುದ್ದಿಯ ಹಾಗೆ, ಅವನಿಗೆ ತಿಳಿಯಿತು.

"ಏನಾಗಿತ್ತು ಅಯ್ನೋರೆ?" ರಾಮಾಂಜಿನಪ್ಪ ಮರದ ಕೆಳಗಿನಿಂದ ಕೇಳಿದ. "ಮುಚ್ಚಳದ ತೂತು ಮುಚ್ಕೊಂಡಿತ್ತು," ಎಂದು ಪಂಚಾಕ್ಷರಯ್ಯ ದೋಣಿಯಿಂದ ಇಳಿಯುತ್ತ ಹೇಳಿದ. "ಯಾವುದ್ರಿಂದ?" "ಕುಂಕುಮದಿಂದ." ನೀರಿನಲ್ಲೇ ನಿಂತಿದ್ದ ನರಸಮ್ಮನ ಮುಖ ಬಿಳಿಚಿಕೊಂಡಿತು. "ಅಯ್ಯೋ ಸಿವನೇ," ಎಂದಳು, "ದೀಪಾವಳೀಲಿ ದೋಣಿಗೆಲ್ಲ ಬೊಟ್ಟಿಟ್ಟೋಳು ನಾನೇ ಅಲ್ವಾ. ಡಬ್ಬಕ್ಕೂ ಇಟ್ಟಿದ್ನೇನೋ. ನಾನೇ ಸುಟ್ನಾ ಇವನ ಕಾಲ?" ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡಳು. ಓಬಳಪ್ಪ ಅವಳತ್ತ ತಿರುಗಿ, "ನೋಡ್ದಾ, ನೋಡ್ದಾ, ಹೆಂಗಸ್ರಿಗೆ ಎಷ್ಟು ಹೇಳಿದ್ರೂ..." ಎಂದು ಶುರುಮಾಡಿದ. ಪಂಚಾಕ್ಷರಯ್ಯನ ಕಿವಿಗೆ ಅದು ತನ್ನದೇ ದನಿಯಾಗಿ ಕೇಳಿಸಿತು. ಬೀಡಿಯ ತಲೆಗೆ ಕಟ್ಟಿದ ಹಾಗೆ ಇದನ್ನೂ ಇವಳ ತಲೆಗೆ ಕಟ್ಟಿ ಮನೆಗೆ ಹೋಗಬಹುದಿತ್ತು. ಯಾರಿಗೂ ಗೊತ್ತಾಗುತ್ತಿರಲಿಲ್ಲ. ದಾಕ್ಷಾಯಣಮ್ಮನ ಹೆಸರು ಕೆಡುತ್ತಿರಲಿಲ್ಲ.

"ಸುಮ್ನಿರಿ ಓಬಳಪ್ಪ. ಅವರು ಇಟ್ಟಿದ್ದಲ್ಲ. ನಮ್ಮನೇವಳು ಇಟ್ಟಿದ್ದು, ಆಯುಧಪೂಜೆ ದಿನ. ಅವಳ ತಪ್ಪೂ ಅಲ್ಲ. ಇಲ್ಲಿಡ್ಲಾ ಅಂತ ನನ್ನ ಕೇಳಿದ್ಲು. ನಾನು ಇಡು ಅಂದೆ." ರಾಮಾಂಜಿನಪ್ಪ ಬಹಳ ಹೊತ್ತು ತನ್ನ ಬ್ಯಾಂಡೇಜನ್ನೇ ನೋಡಿದ. "ಅಲ್ಲಿಡಬಾರ್ದು ಅಂತ ಗೊತ್ತಿತ್ತಾ ಅಯ್ನೋರೆ ನಿಮ್ಗೆ?" ಎಂದ, ಮೆತ್ತಗೆ. "ಗೊತ್ತಿತ್ತು ಕಣಪ್ಪ." "ಮತ್ತೆ ಆಸ್ಪತ್ರೇಲಿ ಬೀಡಿ ಬಿಡು ಅಂದ್ರಲ್ಲ." "ಅಂದೆ." ಅವನು ಬೈದಿದ್ದರೆ, ಎದ್ದು ಬಂದು ಕೊರಳಪಟ್ಟಿ ಹಿಡಿದಿದ್ದರೆ ಪಂಚಾಕ್ಷರಯ್ಯನಿಗೆ ಹಗುರವಾಗುತ್ತಿತ್ತು. ರಾಮಾಂಜಿನಪ್ಪ ಮುಖವನ್ನು ಕೆರೆಯ ಕಡೆ ತಿರುಗಿಸಿಕೊಂಡ, ಅಷ್ಟೇ. ಪಂಚಾಕ್ಷರಯ್ಯ ಒದ್ದೆ ಪ್ಯಾಂಟಿನಲ್ಲಿ ತಪ್ಪಿತಸ್ಥ ಹುಡುಗನ ಹಾಗೆ ನಿಂತೇ ಇದ್ದ.

ಕೊನೆಗೆ ಓಬಳಪ್ಪನೇ ಗಂಟಲು ಸರಿಮಾಡಿಕೊಂಡು, "ಆಗಿದ್ದಾಯ್ತು ಬಿಡಿ. ಬೆಂಕಿ ಬಿದ್ದ ದೋಣಿ, ಒಂದು ಪೂಜೆ ಮಾಡ್ದೆ ಇಳಿಸೋದು ಬೇಡ. ಒಂಚೂರು ಕುಂಕುಮ ತಾರಮ್ಮ," ಎಂದ. ನರಸಮ್ಮ ಏರಿಯಾಚೆಯ ಮನೆಗೆ ಹೋಗಿ ತಟ್ಟೆಯಲ್ಲಿ ನಿಂಬೆಹಣ್ಣು, ಊದುಕಡ್ಡಿ, ಕಾಗದದ ಪೊಟ್ಟಣದಲ್ಲಿ ಕುಂಕುಮ ತಂದಳು. ಕಣ್ಣು ಇನ್ನೂ ಒದ್ದೆಯಾಗಿತ್ತು. ಕುಂಕುಮಕ್ಕೆ ಕೆರೆಯ ನೀರು ಚಿಮುಕಿಸಿ ಕಲೆಸಿ, ದೋಣಿಯ ಮೂತಿಗೆ ಇಟ್ಟಳು, ಸುಟ್ಟ ಹಲಗೆಗೆ ಇಟ್ಟಳು, ಎಂಜಿನ್ನಿಗೆ ಇಟ್ಟಳು. ಆಮೇಲೆ ಟ್ಯಾಂಕಿನ ಮೇಲೆ ಬಗ್ಗಿದಳು. ದುಂಡಗಿನ ಮುಚ್ಚಳಕ್ಕೆ ಬೊಟ್ಟಿಡುವ ಹೆಂಗಸಿನ ಬೆರಳು ನಡುವಿಗಲ್ಲದೆ ಇನ್ನೆಲ್ಲಿಗೆ ಹೋದೀತು? ಪಂಚಾಕ್ಷರಯ್ಯ ಒಂದು ಹೆಜ್ಜೆ ಮುಂದೆ ಬಂದ.

"ಅಲ್ಲಿ ಬೇಡ ತಾಯಿ," ಎಂದ.

ಅವಳು ಕೆಂಪು ಬೆರಳನ್ನು ಗಾಳಿಯಲ್ಲೇ ನಿಲ್ಲಿಸಿ ತಲೆಯೆತ್ತಿದಳು.

"ನಡುವೆ ತೂತಿದೆ. ಒಂಚೂರು ಪಕ್ಕಕ್ಕಿಡಿ."

"ಇಲ್ಲೇನಾ ಅಯ್ನೋರೆ?"

"ಹ್ಞೂಂ. ಅಲ್ಲಿ."

ನರಸಮ್ಮ ಬೆರಳನ್ನು ಒಂದು ಕಡಲೆಕಾಳಿನಷ್ಟು ಸರಿಸಿ ಬೊಟ್ಟಿಟ್ಟು ಊದುಕಡ್ಡಿ ಹಚ್ಚಲು ದಡಕ್ಕೆ ಹೋದಳು. ಅವಳ ಮುಖದಲ್ಲಿ ಅವಮಾನವಿರಲಿಲ್ಲ, ಬೇಸರವಿರಲಿಲ್ಲ, ಆ ಮಾತು ಅವಳಿಗೆ ಆಗಲೇ ಮರೆತೂ ಹೋಗಿತ್ತು. ಪಂಚಾಕ್ಷರಯ್ಯ ನಿಂತಲ್ಲೇ ನಿಂತ. ಇಷ್ಟೇ ಮಾತು. ಮೂಲೆಯ ಕೆಂಪು ಟ್ಯಾಂಕಿನ ಮುಂದೆ, ನಗುತ್ತ ತನ್ನ ಮುಖ ನೋಡಿದವಳಿಗೆ, ಇದೇ ದನಿಯಲ್ಲಿ, ಒಂಚೂರು ಪಕ್ಕಕ್ಕಿಡೇ ಎಂದಿದ್ದರೆ ಅವಳೂ ಬೆರಳನ್ನು ಅಷ್ಟೇ ಸರಿಸುತ್ತಿದ್ದಳು. ಮೈಕ್ರೋಮೀಟರಿನ ದಿನವೂ ಅಷ್ಟೇ ಸಾಕಿತ್ತು. ಬೈಯುವುದು ಅವನಿಗೆ ಬರುತ್ತಿತ್ತು, ಬಾಯಿ ಮುಚ್ಚಿಕೊಂಡಿರುವುದು ಬರುತ್ತಿತ್ತು. ಎರಡರ ನಡುವೆ ಹೀಗೊಂದು ದನಿ ತನ್ನ ಗಂಟಲಲ್ಲೇ ಇತ್ತು ಎಂಬುದು ಅವಳಿದ್ದಷ್ಟು ದಿನ ಗೊತ್ತಾಗಲಿಲ್ಲ. ಕಣ್ಣಿಗೆ ನೀರು ಬಂತು. ಒರೆಸಿಕೊಳ್ಳಲು ಕೈ ಎತ್ತಿದಾಗ ಬೆರಳ ತುಂಬ ವಿಭೂತಿ, ಹೆಬ್ಬೆರಳಿನ ಉಗುರಿನ ಸಂದಿಯಲ್ಲಿ ಕೂದಲೆಳೆಯಷ್ಟು ಕೆಂಪು. ಅವನು ಆ ಕೈಯನ್ನು ಕೆಳಗಿಳಿಸಿ, ಇನ್ನೊಂದು ಕೈಯಿಂದ ಮುಖ ಒರೆಸಿಕೊಂಡ.

ಓಬಳಪ್ಪ ದೋಣಿ ಹತ್ತಿ ಎಂಜಿನ್ನಿನ ಹಗ್ಗ ಎಳೆದ. ಎಂಜಿನ್ನು ಮೊದಲ ಎಳೆತಕ್ಕೇ ಹಿಡಿಯಿತು. ರಾಮಾಂಜಿನಪ್ಪ ಕೂತಲ್ಲಿಂದಲೇ ಕತ್ತು ಉದ್ದ ಮಾಡಿ ನೋಡಿದ. ದೋಣಿ ಎಲ್ಲೂ ನಿಲ್ಲದೆ ಅಂತರಗಂಗೆಯನ್ನು ಸೀಳಿಕೊಂಡು ಆಚೆ ದಡದವರೆಗೂ ಹೋಯಿತು.